ಹಿಟ್ಟಿನ ಕೋಳಿಯೂ ಕೂಗೀತು: ಶ್ರುತಪಂಚಮಿಯ ಧರ್ಮೋಪದೇಶ





ಇಂದು ಜ್ಯೇಷ್ಠ ಶುಕ್ಲ ಪಂಚಮಿ, ನಮಗೆಲ್ಲ ಶ್ರುತಪಂಚಮಿ. ಚಾರ್ಮಾಡಿಯ ಕಡೆ ಈ ಹಬ್ಬ ಬರುವ ಹೊತ್ತಿಗೆ ಘಾಟಿಯ ತಲೆಯ ಮೇಲೆ ಮಳೆಮೋಡ ಕೂತಿರುತ್ತದೆ. ಅಂಗಳದ ಚಪ್ಪರ ಇಳಿದಿರುತ್ತದೆ, ಸೌದೆ ಕೊಟ್ಟಿಗೆ ಸೇರಿರುತ್ತದೆ. ಈ ದಿನ ಮನೆಯ ಮತ್ತು ಬಸದಿಯ ಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ, ಪೀಠದ ಮೇಲಿಟ್ಟು ಪೂಜಿಸುವುದು ಹಿರಿಯರು ಹಾಕಿಕೊಟ್ಟ ಕ್ರಮ. ನಮ್ಮ ಮಳೆ ಎಂಥದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಮೃತ್ಯುಂಜಯ ಹೊಳೆ ಮನೆಗಳೊಳಕ್ಕೆ ನುಗ್ಗಿದ್ದನ್ನು ಕಂಡವರು ಇಲ್ಲಿ ಕೂತಿದ್ದೀರಿ. ಇಂಥ ತೇವದ ನಾಡಿನಲ್ಲಿ ತಾಳೆಗರಿಗಳು ಶತಮಾನಗಟ್ಟಲೆ ಉಳಿದಿದ್ದರೆ, ವರ್ಷ ವರ್ಷವೂ ಯಾರೋ ಕೈಯಾರೆ ತೆಗೆದು ಒರೆಸಿದ್ದರಿಂದ ಉಳಿದಿವೆ.

ಪೂಜೆ ಮುಗಿಯಿತು. ಇಂದು ನಾನು ಮಾತಾಡಬೇಕೆಂದಿರುವುದು ಪೂಜೆಯ ನಂತರದ ಕೆಲಸದ ಬಗ್ಗೆ. ಕಥೆ, ಕಾವ್ಯ, ಚಿತ್ರ, ಶಿಲ್ಪ, ಕುಣಿತ, ಕಟ್ಟಡ ಇವುಗಳಿಂದ ಧರ್ಮಕ್ಕೆ ಏನು ಉಪಯೋಗ? ವ್ರತ ನಿಯಮಗಳಿವೆ, ಸಿದ್ಧಾಂತವಿದೆ, ಸಾಲದೇ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಅದಕ್ಕೆ ತದ್ವಿರುದ್ಧವಾಗಿ, ಕಲೆ ಇರುವುದು ಮನರಂಜನೆಗೆ, ಅದರಲ್ಲಿ ಬೋಧನೆ ಹುಡುಕಬೇಡಿ ಎನ್ನುವವರೂ ಇದ್ದಾರೆ. ಇಬ್ಬರಿಗೂ ನಮ್ಮ ಪುರಾಣಗಳೇ ಉತ್ತರ ಕೊಡುತ್ತವೆ.

ಈ ಹಬ್ಬದ ಮೂಲಕಥೆಯಿಂದಲೇ ತೊಡಗೋಣ. ಗಿರಿನಾರಿನ ಚಂದ್ರಗುಹೆಯಲ್ಲಿದ್ದ ಧರಸೇನ ಆಚಾರ್ಯರಿಗೆ ವಯಸ್ಸಾಗಿತ್ತು. ಅವರಲ್ಲಿದ್ದ ಆಗಮಜ್ಞಾನ ಅವರೊಂದಿಗೇ ಮುಗಿದುಹೋಗುವ ಭಯವಿತ್ತು. ದಕ್ಷಿಣದ ಮುನಿಸಂಘಕ್ಕೆ ಹೇಳಿಕಳಿಸಿದರು, ಇಬ್ಬರು ಮುನಿಗಳು ಬಂದರು. ಕಲಿಸುವ ಮುಂಚೆ ಆಚಾರ್ಯರು ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟು ಉಪವಾಸವಿದ್ದು ಸಾಧಿಸಲು ಹೇಳಿದರು. ಒಂದು ಮಂತ್ರದಲ್ಲಿ ಒಂದಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದಕ್ಷರ ಕಡಿಮೆ. ಹಾಗೆಂದು ಅವರು ಹೇಳಲಿಲ್ಲ. ಜಪ ಮುಗಿದಾಗ ಒಬ್ಬರಿಗೆ ಹಲ್ಲು ಮುಂದಕ್ಕೆ ಚಾಚಿದ ದೇವತೆ ಕಾಣಿಸಿಕೊಂಡಳು, ಇನ್ನೊಬ್ಬರಿಗೆ ಒಕ್ಕಣ್ಣಿನ ದೇವತೆ. ದೇವತೆಗಳ ರೂಪ ಹೀಗಿರಲಾರದು ಎಂದು ಇಬ್ಬರಿಗೂ ಹೊಳೆಯಿತು. ಮಂತ್ರವನ್ನು ವ್ಯಾಕರಣದಿಂದ ಪರೀಕ್ಷಿಸಿದರು, ಹೆಚ್ಚಿದ್ದನ್ನು ತೆಗೆದರು, ಕೊರತೆಯನ್ನು ತುಂಬಿದರು, ಮತ್ತೆ ಜಪಕ್ಕೆ ಕೂತರು. ದೇವತೆಗಳು ಸಹಜ ರೂಪದಲ್ಲಿ ಬಂದು ನಿಂತರು. ಆಗ ಧರಸೇನರಿಗೆ ನಂಬಿಕೆ ಬಂತು, ಪಾಠ ಶುರುವಾಯಿತು. ಆ ಇಬ್ಬರೇ ಪುಷ್ಪದಂತ ಮತ್ತು ಭೂತಬಲಿ. ಪಾಠ ಮುಗಿಸಿದ ಪುಷ್ಪದಂತರು ನಮ್ಮ ಬನವಾಸಿಗೆ ಬಂದು ಮೊದಲ ಸೂತ್ರಗಳನ್ನು ರಚಿಸಿದರು, ಭೂತಬಲಿಯವರು ದ್ರಾವಿಡ ದೇಶದಲ್ಲಿ ಅದನ್ನು ಪೂರ್ಣಗೊಳಿಸಿದರು. ಷಟ್ಖಂಡಾಗಮ ಎಂಬ ಆ ಗ್ರಂಥ ಪೂರ್ಣವಾಗಿ ಸಂಘ ಅದನ್ನು ಪೂಜಿಸಿದ ದಿನ ಇದು.

ಗಮನಿಸಿ, ಆಚಾರ್ಯರು ಶಿಷ್ಯರಿಗೆ ತಪ್ಪನ್ನು ಬಾಯಲ್ಲಿ ಹೇಳಿಕೊಡಲಿಲ್ಲ, ರೂಪದಲ್ಲಿ ತೋರಿಸಿದರು. ಅಂದಗೆಟ್ಟ ರೂಪವನ್ನು ಕಂಡು, ಎಲ್ಲೋ ಸತ್ಯ ಕೆಟ್ಟಿದೆ ಎಂದು ಶಿಷ್ಯರು ತಾವೇ ತಿಳಿದುಕೊಂಡರು. ಪಾಠಕ್ಕೆ ಅರ್ಹರಾಗಲು ಅವರಿಗೆ ಬೇಕಾಗಿದ್ದದ್ದು ನೋಡುವ ಕಣ್ಣು. ಅವಸರದವರಾಗಿದ್ದರೆ ದೇವತೆ ಬಂದಳಲ್ಲ, ಅಷ್ಟು ಸಾಕು ಎಂದು ವರ ಕೇಳಿಬಿಡುತ್ತಿದ್ದರು.

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ 816ರಲ್ಲಿ ಮುಗಿಯಿತು. ಅದರ ಹಳೆಯ ತಾಳೆಗರಿ ಪ್ರತಿಗಳು ನಮ್ಮ ಮೂಡುಬಿದಿರೆಯಲ್ಲಿವೆ. ಅದು ಕರ್ಮಸಿದ್ಧಾಂತದ ಗ್ರಂಥ, ಲೆಕ್ಕ ಮತ್ತು ತರ್ಕದಿಂದ ತುಂಬಿದ್ದು. ಹೀಗಿದ್ದೂ 12ನೆಯ ಶತಮಾನದ ಆ ಗರಿಗಳ ಮೇಲೆ ಬಣ್ಣದ ಚಿತ್ರಗಳಿವೆ. ತೀರ್ಥಂಕರರು, ಯಕ್ಷಿಯರು, ಕೈಮುಗಿದ ಶ್ರಾವಕರು, ಎಲ್ಲರೂ ಅಂಗೈಯಗಲದ ಜಾಗದಲ್ಲಿ ಬಂದು ನಿಂತಿದ್ದಾರೆ. ಗ್ರಂಥವನ್ನು ನಕಲು ಮಾಡಿಸಿದವರಿಗೆ ಅಕ್ಷರದ ಪಕ್ಕದಲ್ಲಿ ಬಣ್ಣವೂ ಬೇಕೆನಿಸಿತು. ಓದುವವನ ಕಣ್ಣು ಕಷ್ಟದ ವಾಕ್ಯದಿಂದ ಎದ್ದಾಗ ಎಲ್ಲಿಗೆ ಹೋಗಬೇಕು ಎಂಬುದನ್ನೂ ಅವರು ಯೋಚಿಸಿದ್ದರೆಂದು ನಾನು ತಿಳಿಯುತ್ತೇನೆ.

ಇದೇ ಗ್ರಂಥದ ವಿಷಯದಲ್ಲಿ ನಾವು ನೆನಪಿಡಬೇಕಾದ ಇನ್ನೊಂದು ಸಂಗತಿ ಇದೆ. ಬಹಳ ಕಾಲ ಜನ ದೂರದೂರದಿಂದ ಮೂಡುಬಿದಿರೆಗೆ ಬಂದು ಈ ಗರಿಗಳ ದರ್ಶನ ಮಾಡಿ, ಕೈಮುಗಿದು ಹೋಗುತ್ತಿದ್ದರು. ಓದಿದವರು ತೀರ ವಿರಳ. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು, ಮುಂದೆ 16 ಸಂಪುಟಗಳಾದವು. ಆಮೇಲೆ ಅದು ಓದುವವರ ಕೈಗೆ ಬಂತು. ಕಾಪಾಡಿದವರಿಗೆ ನಾವು ಋಣಿಗಳು. ಆದರೆ ಶ್ರುತವನ್ನು ಪೂಜಿಸಿ ಪೆಟ್ಟಿಗೆಯಲ್ಲಿಡುವುದು ಅರ್ಧ ಕೆಲಸ ಮಾತ್ರ. ಇಂದು ನಮ್ಮ ಮನೆಗಳಲ್ಲೂ ಹೊಸ ಬಟ್ಟೆ ಸುತ್ತಿಸಿಕೊಂಡು, ಮುಂದಿನ ಪಂಚಮಿಯವರೆಗೆ ಯಾರೂ ತೆರೆಯದ ಪುಸ್ತಕಗಳಿವೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ವೀರಸೇನರ ಶಿಷ್ಯ ಜಿನಸೇನಾಚಾರ್ಯರು. ಗುರುಗಳು ಅರ್ಧಕ್ಕೆ ಬಿಟ್ಟುಹೋದ ಜಯಧವಲಾ ಟೀಕೆಯನ್ನು ಪೂರೈಸಿದ ಮಹಾವಿದ್ವಾಂಸರು. ಕರ್ಮದ ಸೂಕ್ಷ್ಮವನ್ನು ಅವರಷ್ಟು ಬಲ್ಲವರು ಅಪರೂಪ. ಅಂಥವರು ಸಿದ್ಧಾಂತದ ಜೊತೆಗೆ ಆದಿಪುರಾಣವನ್ನೂ ಬರೆಯಲು ಕೂತರು. ಅದರಲ್ಲಿ ರಾಜಸಭೆ ಇದೆ, ಯುದ್ಧ ಇದೆ, ಶೃಂಗಾರ ಇದೆ, ನೃತ್ಯವೂ ಇದೆ. ಅದನ್ನೇ ಪಂಪ 941ರಲ್ಲಿ ಕನ್ನಡಕ್ಕೆ ತಂದ. ಸಿದ್ಧಾಂತವನ್ನು ಅಷ್ಟು ಬಲ್ಲ ಆಚಾರ್ಯರಿಗೆ ಕಥೆ ಏಕೆ ಬೇಕಾಯಿತು? ನೀಲಾಂಜನೆಯ ಪ್ರಸಂಗ ನೋಡಿದರೆ ತಿಳಿಯುತ್ತದೆ.

ವೃಷಭನಾಥರು ಅಯೋಧ್ಯೆಯಲ್ಲಿ ರಾಜ್ಯವಾಳುತ್ತಿದ್ದರು. ಸುಖಕ್ಕೆ ಕೊರತೆಯಿರಲಿಲ್ಲ. ಅವರು ದೀಕ್ಷೆಗೆ ಹೊರಡುವ ಕಾಲ ಹತ್ತಿರವಾಗಿದ್ದನ್ನು ಇಂದ್ರ ಅರಿತ. ತೀರ್ಥಂಕರರಾಗಲಿರುವವರಿಗೆ ಉಪದೇಶ ಮಾಡುವವರು ಯಾರು? ಇಂದ್ರ ಯಾವ ಮುನಿಯನ್ನೂ ಕಳಿಸಲಿಲ್ಲ, ಶಾಸ್ತ್ರದ ಮಾತೂ ಎತ್ತಲಿಲ್ಲ. ಒಬ್ಬ ನರ್ತಕಿಯನ್ನು ಸಭೆಗೆ ಕರೆತಂದ. ನೀಲಾಂಜನೆ ಕುಣಿದಳು, ಸಭೆ ಮೈಮರೆತು ನೋಡಿತು. ಕುಣಿಯುತ್ತಿರುವಾಗಲೇ ಅವಳ ಆಯುಷ್ಯ ಮುಗಿಯಿತು, ದೇಹ ಮಿಂಚಿನ ಹಾಗೆ ಮಾಯವಾಯಿತು. ರಸಭಂಗವಾಗಬಾರದೆಂದು ಇಂದ್ರ ಅದೇ ರೂಪದ, ಅದೇ ಹೆಜ್ಜೆಯ ಇನ್ನೊಬ್ಬಳನ್ನು ಆ ಕ್ಷಣವೇ ನಿಲ್ಲಿಸಿದ. ತಾಳ ತಪ್ಪಲಿಲ್ಲ. ಸಭೆಯಲ್ಲಿದ್ದ ಒಬ್ಬರಿಗೂ ತಿಳಿಯಲಿಲ್ಲ, ಚಪ್ಪಾಳೆಯೂ ನಿಲ್ಲಲಿಲ್ಲ.

ವೃಷಭನಾಥರು ಮಾತ್ರ ಕಂಡರು. ಈಗ ಕುಣಿಯುತ್ತಿರುವವಳು ಅವಳಲ್ಲ, ಅವಳು ಹೋದಳು. ಇದ್ದ ಹಾಗೆ ಕಾಣುವುದು ಇಲ್ಲವಾಗಿದೆ. ಅಲ್ಲಿಂದ ಅವರ ವೈರಾಗ್ಯ ತೊಡಗಿತು, ಅದರಿಂದ ನಮಗೆಲ್ಲ ಧರ್ಮತೀರ್ಥ ದೊರೆಯಿತು.

ಈ ಪ್ರಸಂಗವನ್ನು ಮತ್ತೆ ಮತ್ತೆ ಧ್ಯಾನಿಸಿ. ನೃತ್ಯ ಒಂದೇ, ಸಭೆ ಒಂದೇ, ಬೆಳಕೂ ಒಂದೇ. ನೂರಾರು ಜನರಿಗೆ ಅದು ಸಂತೋಷ ಕೊಟ್ಟು ಮುಗಿಯಿತು, ಒಬ್ಬರಿಗೆ ಮೋಕ್ಷದ ದಾರಿ ತೆರೆಯಿತು. ಅಂದರೆ ಕಲೆಯ ಉಪದೇಶದಲ್ಲಿ ಎರಡು ಪಾಲಿದೆ. ಮಾಡುವವರ ಪಾಲು ಒಂದು. ನೀಲಾಂಜನೆಯ ಕುಣಿತ ಕಳಪೆಯಾಗಿದ್ದರೆ ಯಾರೂ ಕಣ್ಣಿಟ್ಟು ನೋಡುತ್ತಿರಲಿಲ್ಲ, ಬದಲಾದದ್ದು ವೃಷಭನಾಥರಿಗೂ ತಿಳಿಯಬೇಕಾದ ಪ್ರಮೇಯ ಬರುತ್ತಿರಲಿಲ್ಲ. ನೋಡುವವರ ಪಾಲು ಇನ್ನೊಂದು, ಅದು ಹೆಚ್ಚಿನದು. ಸಭೆಯವರು ನೋಡುತ್ತಿದ್ದದ್ದು ತಮ್ಮ ಸುಖವನ್ನು. ವೃಷಭನಾಥರು ನೋಡಿದ್ದು ಅವಳನ್ನು.

ಕಲೆ ಧರ್ಮಕ್ಕೆ ಹೊರಗಿನದು ಎನ್ನುವವರು ಅದೇ ಪುರಾಣದ ಇನ್ನೊಂದು ಭಾಗ ಓದಲಿ. ದೀಕ್ಷೆಗೆ ಹೋಗುವ ಮುಂಚೆ ವೃಷಭನಾಥರು ತಂದೆಯಾಗಿ ಏನು ಮಾಡಿದರು? ಮೊದಲು ಇಬ್ಬರು ಹೆಣ್ಣುಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬ್ರಾಹ್ಮಿಗೆ ಅಕ್ಷರ, ಸುಂದರಿಗೆ ಅಂಕೆ ಕಲಿಸಿದರು. ಆಮೇಲೆ ಗಂಡುಮಕ್ಕಳ ಸರದಿ. ಭರತನಿಗೆ ಅರ್ಥಶಾಸ್ತ್ರದ ಜೊತೆ ನೃತ್ಯಶಾಸ್ತ್ರ, ವೃಷಭಸೇನನಿಗೆ ಸಂಗೀತ, ಅನಂತವಿಜಯನಿಗೆ ಚಿತ್ರಕಲೆ ಮತ್ತು ವಾಸ್ತುವಿದ್ಯೆ. ಪ್ರಜೆಗಳಿಗೆ ಅವರು ತೋರಿಸಿದ ಆರು ಜೀವನೋಪಾಯಗಳಲ್ಲಿ ಕೃಷಿ, ವಾಣಿಜ್ಯಗಳ ಸಾಲಿನಲ್ಲೇ ಶಿಲ್ಪವೂ ಇದೆ. ಆದಿ ತೀರ್ಥಂಕರರೇ ಮಕ್ಕಳಿಗೆ ಕುಣಿತ, ಹಾಡು, ಬಣ್ಣ ಕಲಿಸಿರುವಾಗ, ಅದರಿಂದ ಓದು ಹಾಳು ಎಂದು ಮಗಳ ಭರತನಾಟ್ಯದ ಪಾಠವನ್ನೋ ಮಗನ ಚೆಂಡೆಯ ಪಾಠವನ್ನೋ ಬಿಡಿಸುವ ತಂದೆ ತಾಯಂದಿರು ಯಾವ ಶಾಸ್ತ್ರವನ್ನು ಆಧಾರವಾಗಿಟ್ಟುಕೊಂಡಿದ್ದಾರೆ?

ಇನ್ನು ಕಲೆ ಬರೀ ಮನರಂಜನೆ ಎನ್ನುವವರ ಮಾತು. ಇದಕ್ಕೆ ನಾನು ತುಸು ದೀರ್ಘವಾಗಿಯೇ ಉತ್ತರ ಹೇಳುತ್ತೇನೆ, ಏಕೆಂದರೆ ಇದು ಈಗ ಪ್ರತಿ ಮನೆಯ ಪ್ರಶ್ನೆ.

ನಮ್ಮ ತಾಯಂದಿರು ಆಶ್ವಯುಜದಲ್ಲಿ ಜೀವದಯಾಷ್ಟಮಿಯ ನೋಂಪಿ ಹಿಡಿಯುತ್ತಾರೆ. ಆ ನೋಂಪಿಯ ಕಥೆ ಯಶೋಧರನದು. ಕವಿಚಕ್ರವರ್ತಿ ಜನ್ನ 1209ರಲ್ಲಿ ಅದನ್ನು ನಾಲ್ಕೇ ಅವತಾರಗಳ ಪುಟ್ಟ ಕಾವ್ಯವಾಗಿ ಬರೆದಿದ್ದಾನೆ. ರಾಜ ಯಶೋಧರ ಜೀವಹಿಂಸೆ ಒಲ್ಲದವನು. ಮಗನ ಬಾಯಿಂದ ಕೆಟ್ಟ ಕನಸೊಂದನ್ನು ಕೇಳಿ ತಾಯಿ ಚಂದ್ರಮತಿ ಹೆದರಿ, ದೇವಿಗೆ ಬಲಿ ಕೊಡು ಎಂದಳು. ಮಗ ಆಗದು ಎಂದ. ತಾಯಿ ಬಿಡಲಿಲ್ಲ. ಕೊನೆಗೆ ನಡುದಾರಿಯೊಂದು ಹೊಳೆಯಿತು. ಹಿಟ್ಟಿನಲ್ಲಿ ಕೋಳಿಯೊಂದನ್ನು ಮಾಡಿಸಿ ಅದನ್ನು ಕಡಿದರಾಯಿತು. ಜೀವ ಹೋಗುವುದಿಲ್ಲ, ತಾಯಿಯ ಮಾತೂ ನಡೆಯುತ್ತದೆ. ಕೋಳಿ ತಯಾರಾಯಿತು. ರಾಜ ಕತ್ತಿ ಎತ್ತಿ ಹೊಡೆದ. ಹಿಟ್ಟಿನ ಕೋಳಿ ಕೂಗಿತು! ಅದರೊಳಗೆ ಬೆಂತರವೊಂದು ಸೇರಿಕೊಂಡಿತ್ತು. ಕೂಗು ಕೇಳಿದ ಯಶೋಧರನ ಎದೆ ನಡುಗಿತು. ಅಲ್ಲಿಂದ ತಾಯಿ ಮಗ ಇಬ್ಬರೂ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಳಿ ಎಂದು ಜನ್ಮಜನ್ಮಾಂತರ ಅಲೆದರು. ಒಬ್ಬರನ್ನೊಬ್ಬರು ಕೊಂದರು, ತಮ್ಮದೇ ಮನೆಯಲ್ಲಿ ಕೊಲ್ಲಿಸಿಕೊಂಡರು.

ಓದುವವನಿಗೆ ಇದು ಅನ್ಯಾಯ ಎನ್ನಿಸಬಹುದು. ಸತ್ತದ್ದು ಹಿಟ್ಟು ತಾನೆ? ಆಚಾರ್ಯರು ಹೇಳುವುದು ಸಂಕಲ್ಪಹಿಂಸೆಯ ಮಾತು. ಎದುರಿಗಿದ್ದದ್ದು ಹಿಟ್ಟಾದರೂ ಎತ್ತಿದ ಕೈ ನಿಜದ್ದು, ಕಡಿಯುವ ಮನಸ್ಸು ನಿಜದ್ದು. ಅದನ್ನು ಕೋಳಿಯ ಹಾಗೆ ಮಾಡಿಸಿದ್ದೇ ಕೋಳಿಯನ್ನು ಕೊಂದ ಭಾವ ಬರಲಿ ಎಂದು.

ಮೊಬೈಲಿನಲ್ಲಿ ಮಗು ಬಂದೂಕು ಹಿಡಿದು ಸಾಲುಸಾಲಾಗಿ ಮನುಷ್ಯರನ್ನು ಹೊಡೆದುರುಳಿಸುವ ಆಟ ಆಡುವಾಗ ನಾವು ಹೇಳುವುದು ಇದೇ ಮಾತು: ಅದು ಆಟ ತಾನೆ, ಬರೀ ಚಿತ್ರ ತಾನೆ. ಧಾರಾವಾಹಿಯಲ್ಲಿ ಅತ್ತೆ ಸೊಸೆ ಒಬ್ಬರಿಗೊಬ್ಬರು ವಿಷ ಹಾಕುವುದನ್ನು ಸಂಜೆಯೆಲ್ಲ ನೋಡಿ, ಕಥೆ ತಾನೆ ಎನ್ನುತ್ತೇವೆ. ಜನ್ನನ ಕಾವ್ಯವನ್ನು ನಂಬುವವರು ಹಾಗೆ ಹೇಳಲಾರರು. ಚಿತ್ರಕ್ಕೆ ಜೀವವಿಲ್ಲದಿರಬಹುದು, ನೋಡುವವನಿಗೆ ಜೀವವಿದೆ. ಪರಿಣಾಮ ಆಗುವುದು ಅಲ್ಲಿ. ಒಳ್ಳೆಯ ಕಲೆ ಮನಸ್ಸನ್ನು ತಿದ್ದಬಲ್ಲದು ಎಂದು ಒಪ್ಪುವವರು, ಕೆಟ್ಟದ್ದು ಅದನ್ನು ಕೆಡಿಸಬಲ್ಲದು ಎಂಬುದನ್ನೂ ಒಪ್ಪಲೇಬೇಕು.

ಆದರೆ ಆ ಕಾವ್ಯ ಅಲ್ಲಿಗೆ ನಿಲ್ಲುವುದಿಲ್ಲ, ನನಗೆ ಅತ್ಯಂತ ಪ್ರಿಯವಾದ ಭಾಗ ಇನ್ನೊಂದಿದೆ. ಈ ಕಥೆಯನ್ನು ಹೇಳುತ್ತಿರುವವರು ಯಾರು, ಕೇಳುತ್ತಿರುವವರು ಯಾರು? ಚಂಡಮಾರಿಯ ಜಾತ್ರೆ. ಗುಡಿಯ ಸುತ್ತ ಬಲಿಗೆ ಕಟ್ಟಿದ ಪ್ರಾಣಿಗಳ ಹಿಂಡು. ಮೊದಲು ಒಂದು ಗಂಡು ಒಂದು ಹೆಣ್ಣನ್ನು ರಾಜ ಮಾರಿದತ್ತನೇ ಕೈಯಾರೆ ಬಲಿ ಕೊಡಬೇಕು. ಸುದತ್ತಾಚಾರ್ಯರ ಸಂಘದಿಂದ ಭಿಕ್ಷೆಗೆಂದು ಹೊರಟಿದ್ದ ಅಣ್ಣ ತಂಗಿಯರನ್ನು ರಾಜನ ತಳಾರ ಹಿಡಿದು ತಂದ. ಅಭಯರುಚಿ, ಅಭಯಮತಿ, ಇನ್ನೂ ಎಳೆಯರು. ಕತ್ತಿ ಹಿಡಿದು ನಿಂತ ರಾಜನೆದುರು ಅವರು ಅಳಲಿಲ್ಲ. ಅವರ ನಿರ್ಭಯವನ್ನು ಕಂಡು ಬೆರಗಾದ ರಾಜ, ನೀವು ಯಾರು ಎಂದು ಕೇಳಿದ. ಆಗ ಹುಡುಗ ಕಥೆ ಹೇಳಲು ತೊಡಗಿದ.

ಕೊಲ್ಲಬೇಡ ಎಂದು ಅವನು ಬೇಡಲಿಲ್ಲ. ಹಿಂಸೆ ಪಾಪ ಎಂಬ ಉಪನ್ಯಾಸ ಮಾಡಲಿಲ್ಲ. ನಾನೇ ಯಶೋಧರನಾಗಿದ್ದೆ, ಇವಳೇ ನನ್ನ ತಾಯಿಯಾಗಿದ್ದಳು, ಹಿಟ್ಟಿನ ಕೋಳಿಯೊಂದನ್ನು ಕೊಂದು ನಮಗೆ ಹೀಗಾಯಿತು ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿದ. ಹಿಟ್ಟಿನ ಒಂದು ಕೋಳಿಗೆ ಇಷ್ಟಾದರೆ ತಾನು ಕಟ್ಟಿಸಿ ನಿಲ್ಲಿಸಿರುವ ಈ ಹಿಂಡಿಗೆ ಏನಾದೀತು ಎಂಬ ಲೆಕ್ಕವನ್ನು ರಾಜ ತಾನೇ ಮಾಡಿಕೊಂಡ. ಕತ್ತಿ ಕೆಳಗಿಳಿಯಿತು. ಪ್ರಾಣಿಗಳ ಹಗ್ಗ ಬಿಚ್ಚಲಾಯಿತು. ಚಂಡಮಾರಿಯೇ ಬಲಿಯನ್ನು ಒಲ್ಲೆನೆಂದಳು. ಆ ಮಕ್ಕಳು ತನ್ನ ತಂಗಿಯ ಮಕ್ಕಳೇ ಎಂಬುದೂ ಮಾರಿದತ್ತನಿಗೆ ತಿಳಿಯಿತು.

ಸಾಹಿತ್ಯದ ಉಪದೇಶ ಎಂದರೆ ಇದು ಎಂದು ನಾನು ನಂಬಿದ್ದೇನೆ. ಕೇಳುವವನ ಕೈಯಲ್ಲಿ ಕತ್ತಿಯಿದ್ದಾಗ ನೀತಿಯ ಮಾತು ಅವನ ಕಿವಿಗೆ ಹೋಗದು. ಕಥೆ ಹೋಗುತ್ತದೆ, ಏಕೆಂದರೆ ಕೊನೆಯ ತೀರ್ಮಾನವನ್ನು ಅದು ಅವನಿಗೇ ಬಿಟ್ಟುಕೊಡುತ್ತದೆ. ತಾನೇ ಕಂಡುಕೊಂಡದ್ದನ್ನು ಮನುಷ್ಯ ಅಷ್ಟು ಸುಲಭವಾಗಿ ಬಿಡುವುದಿಲ್ಲ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳ ಹಿನ್ನೆಲೆಯೂ ಇಂಥದೇ. ಸಲ್ಲೇಖನ ಹಿಡಿದು ಮಲಗಿದ ಮುನಿಗೆ ನೋವು ಹೆಚ್ಚಿ ಮನಸ್ಸು ಅಲುಗಿದಾಗ, ಹಿಂದಿನ ಮಹಾಪುರುಷರು ಇಂತಿಂಥ ಉಪಸರ್ಗವನ್ನು ಸಹಿಸಿದರು ಎಂದು ನೆನಪಿಸಲು ಇಟ್ಟ ಕಥೆಗಳು ಅವು. ಈ ಕಥೆಗಳಿಗೆ ಮೂಲವಾದ ಭಗವತೀ ಆರಾಧನೆಯಲ್ಲಿ ಈ ಭಾಗಕ್ಕೆ ಕವಚ ಎಂದೇ ಹೆಸರು.

ಹಾಗಾದರೆ ಯಾವ ಕಥೆ ಕೇಳಬೇಕು, ಯಾವುದನ್ನು ಬಿಡಬೇಕು? ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ಬಿಡಬೇಕಾದ ವಿಕಥೆಗಳನ್ನು ಹೆಸರಿಸುತ್ತಾರೆ: ಸ್ತ್ರೀಕಥೆ, ರಾಜಕಥೆ, ಚೋರಕಥೆ, ಭಕ್ತಕಥೆ. ಅಂದರೆ ಹೆಂಗಸರ ಬಗೆಗಿನ ಹಗುರ ಮಾತು, ಆಳುವವರ ಬಗೆಗಿನ ಹರಟೆ, ಕಳ್ಳಕಾಕರ ಸುದ್ದಿ, ಊಟ ತಿಂಡಿಯ ವರ್ಣನೆ. ಈ ಕ್ಷಣ ನಿಮ್ಮ ಮೊಬೈಲು ತೆರೆದರೆ ಈ ನಾಲ್ಕೂ ಒಂದರ ಹಿಂದೊಂದು ಬೆರಳಿನ ಕೆಳಗೆ ಸರಿಯುತ್ತವೆ. ಮನುಷ್ಯನ ಮನಸ್ಸು ಎಲ್ಲಿ ಜಾರುತ್ತದೆ ಎಂಬುದು ಆಚಾರ್ಯರಿಗೆ ಅಂದೇ ಗೊತ್ತಿತ್ತು. ಹಾಗೆಂದು ಅಡುಗೆಯ ಮಾತೇ ಪಾಪ, ರಾಜರ ಕಥೆಯೇ ಬೇಡ ಎಂದು ಅರ್ಥ ಮಾಡಬೇಡಿ. ಆದಿಪುರಾಣದ ತುಂಬ ರಾಜರಿದ್ದಾರೆ, ಯಶೋಧರನ ಕಥೆಯಲ್ಲಿ ಜಾರಿಣಿಯಾದ ರಾಣಿ ಇದ್ದಾಳೆ. ವಸ್ತು ಯಾವುದು ಎಂಬುದರಿಂದ ಕಥೆ ವಿಕಥೆಯಾಗುವುದಿಲ್ಲ. ಕೇಳಿ ಎದ್ದಾಗ ಕೋಪ, ಮಾನ, ಮಾಯೆ, ಲೋಭ ಈ ನಾಲ್ಕು ಕಷಾಯಗಳು ಒಂದೆಳೆಯಷ್ಟಾದರೂ ತಗ್ಗಿದವೋ ಹೆಚ್ಚಿದವೋ ನೋಡಿಕೊಳ್ಳಿ. ಇದನ್ನು ಪರೀಕ್ಷಿಸಲು ಪಂಡಿತರು ಬೇಡ, ಪ್ರತಿಯೊಬ್ಬರೂ ತಮ್ಮೊಳಗೇ ಪರೀಕ್ಷಿಸಬಹುದು.

ಓದಲು ಬಾರದವರಿಗಾಗಿ ನಮ್ಮ ಹಿರಿಯರು ಕಲ್ಲಿನಲ್ಲಿ, ಮರದಲ್ಲಿ ಬರೆದಿಟ್ಟರು. ಚಾರ್ಮಾಡಿಯಿಂದ ಇಳಿದು ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ ದಾಟಿದರೆ ವೇಣೂರು. ಫಲ್ಗುಣಿ ಹೊಳೆಯ ದಡದಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಬಾಹುಬಲಿ ಸ್ವಾಮಿ ಅಲ್ಲಿದ್ದಾರೆ. 2024ರ ಮಹಾಮಸ್ತಕಾಭಿಷೇಕಕ್ಕೆ ನಿಮ್ಮಲ್ಲಿ ಅನೇಕರು ಹೋಗಿದ್ದೀರಿ. ಹಾಲು, ಎಳನೀರು, ಅರಿಶಿನ ಇಳಿಯುವುದನ್ನು ಕಂಡಿರಿ. ಅಭಿಷೇಕವಿಲ್ಲದ ದಿನವೂ ಒಮ್ಮೆ ಹೋಗಿ, ಶಿಲ್ಪಿ ಏನನ್ನು ಬಿಟ್ಟಿದ್ದಾನೆ ಎಂದು ನೋಡಿ.

ಬಾಹುಬಲಿಯ ಜೀವನದಲ್ಲಿ ಕೆತ್ತಲು ಎಷ್ಟೊಂದಿತ್ತು! ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ಅಣ್ಣನನ್ನು ಗೆದ್ದ. ಸೋತ ಭರತ ಚಕ್ರವನ್ನೇ ಪ್ರಯೋಗಿಸಿದ, ಅದು ತಮ್ಮನಿಗೆ ಪ್ರದಕ್ಷಿಣೆ ಬಂದು ನಿಂತಿತು. ಯಾವ ರಾಜ್ಯದ ರಾಜನೂ ತನ್ನ ಪೂರ್ವಜರ ಇಂಥ ಗೆಲುವನ್ನು ಕಲ್ಲಿನಲ್ಲಿ ಕಾಣಲು ಆಸೆಪಡುತ್ತಾನೆ. ವೇಣೂರಿನ ಶಿಲ್ಪಿ ಅದಾವುದನ್ನೂ ಕೆತ್ತಲಿಲ್ಲ. ಕಿರೀಟವಿಲ್ಲ, ಆಯುಧವಿಲ್ಲ, ಬಟ್ಟೆಯಿಲ್ಲ, ಸೋತವನು ಕಾಲಬಳಿ ಬಿದ್ದಿಲ್ಲ. ಇರುವುದು ತೊಡೆ ತೋಳುಗಳಿಗೆ ಹಬ್ಬಿದ ಬಳ್ಳಿ. ಮನುಷ್ಯ ಎಷ್ಟು ಕಾಲ ಅಲುಗದೆ ನಿಂತರೆ ಬಳ್ಳಿ ಅಲ್ಲಿಯವರೆಗೆ ಹಬ್ಬೀತು ಎಂದು ನೋಡುವವನು ಎಣಿಸಬೇಕು. ಆಳುವ ಅರಸನೊಬ್ಬ ಹಣ ಸುರಿದು, ರಾಜ್ಯ ಬಿಟ್ಟವನನ್ನು ತನ್ನ ರಾಜಧಾನಿಯಲ್ಲಿ ತನಗಿಂತ ಎತ್ತರಕ್ಕೆ ನಿಲ್ಲಿಸಿಕೊಂಡ. ನಮ್ಮ ತುಳುನಾಡಿನ ಕಾರ್ಕಳದಲ್ಲೂ 1432ರಲ್ಲಿ ಇದೇ ಆಯಿತು. ಪ್ರಜೆಗಳಿಗೆ ಅದರಿಂದ ಪಾಠವಾಯಿತು, ನಿಜ. ದಿನವೂ ಅರಮನೆಯಿಂದ ಹೊರಬಂದಾಗ ಅರಸನಿಗೂ ಆಗುತ್ತಿತ್ತು. ಇಂದು ನಾವು ನಮ್ಮ ಹಣದಿಂದ ಕಟ್ಟಿಸುವ ಕಮಾನಿನ ಮೇಲೆ, ಕೊಡುಗೆಯ ಬೆಂಚಿನ ಮೇಲೆ ಮೊದಲು ಬರೆಸುವುದು ನಮ್ಮ ಹೆಸರನ್ನು. ದಾನಿಗಳು ಇದನ್ನು ಯೋಚಿಸಲಿ.

ವೇಣೂರಿನಿಂದ ಮುಂದೆ ಮೂಡುಬಿದಿರೆ. 1430ರಲ್ಲಿ ತೊಡಗಿದ ಸಾವಿರ ಕಂಬದ ಬಸದಿಯ ಕಂಬಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಎಂಬುದು ನಿಮಗೆ ಗೊತ್ತು. ಭೈರಾದೇವಿ ಮಂಟಪದ ಜಗಲಿಯ ಕಲ್ಲಿನಲ್ಲಿ ಜಿರಾಫೆ ಇದೆ, ಚೀನಾದೇಶದ ಡ್ರ್ಯಾಗನ್ ಇದೆ. ಹಡಗಿನ ವ್ಯಾಪಾರದ ಆ ಕಾಲದಲ್ಲಿ ಕಡಲಾಚೆಯ ಲೋಕವನ್ನೂ ಶಿಲ್ಪಿ ಬಸದಿಯ ಅಂಗಳಕ್ಕೆ ತಂದು, ಇದೂ ಜೀವರಾಶಿ ಎಂದು ಮಕ್ಕಳಿಗೆ ತೋರಿಸಿದ.

ಆದರೆ ಸಮಯ ಕಡಿಮೆಯಿದ್ದರೆ ನಾನು ನಿಮ್ಮನ್ನು ಮೂಡುಬಿದಿರೆಯಲ್ಲೇ ಇರುವ ಚೌಟ ಅರಸರ ಅರಮನೆಯ ಮರದ ಕಂಬಗಳ ಮುಂದೆ ನಿಲ್ಲಿಸುತ್ತೇನೆ. ಅಲ್ಲಿ ನವನಾರೀಕುಂಜರ ಇದೆ, ಪಂಚನಾರೀತುರಗ ಇದೆ. ದೂರದಿಂದ ನೋಡಿದರೆ ಆನೆ. ಹತ್ತಿರ ಹೋದರೆ ಆನೆಯಿಲ್ಲ, ಒಂಬತ್ತು ಮಂದಿ ಹೆಂಗಸರು ಮೈಬಾಗಿಸಿ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದಾರೆ. ಆನೆ ಎಂದವನದು ಸುಳ್ಳಲ್ಲ, ಹೆಂಗಸರು ಎಂದವನದೂ ಸುಳ್ಳಲ್ಲ. ಒಂದು ದೃಷ್ಟಿಯಿಂದ ಇದು ಹೌದು, ಇನ್ನೊಂದು ದೃಷ್ಟಿಯಿಂದ ಅದೂ ಹೌದು. ಅನೇಕಾಂತವನ್ನು ವಿವರಿಸಲು ನಮ್ಮ ಪಂಡಿತರು ಗ್ರಂಥಗಟ್ಟಲೆ ಬರೆದಿದ್ದಾರೆ, ನಾನೂ ಎಷ್ಟೋ ಸಲ ಮಕ್ಕಳಿಗೆ ಪಾಠ ಮಾಡಿದ್ದೇನೆ. ಆ ಮರಗೆಲಸದವನಿಗೆ ಅನೇಕಾಂತ ಕಲಿಸುವ ಉದ್ದೇಶವಿತ್ತೋ, ತನ್ನ ಕೈಚಳಕ ತೋರಿಸುವ ಆಸೆಯಷ್ಟೇ ಇತ್ತೋ, ಏನೇ ಇರಲಿ, ಕಂಬ ಕಲಿಸುತ್ತಿದೆ. ಆಸ್ತಿಯ ಪಾಲಿಗಾಗಿ ಮಾತು ಬಿಟ್ಟಿರುವ ಅಣ್ಣ ತಮ್ಮಂದಿರು ಆ ಕಂಬದ ಎದುರು ಒಂದು ಗಳಿಗೆ ಜೊತೆಯಾಗಿ ನಿಂತರೆ ಸಾಕು ಎಂದು ನನಗೆ ಅನ್ನಿಸುತ್ತದೆ.

ಅದೇ ಮೂಡುಬಿದಿರೆಯವನು ಕವಿ ರತ್ನಾಕರವರ್ಣಿ. 16ನೆಯ ಶತಮಾನದಲ್ಲಿ ಭರತೇಶ ವೈಭವವನ್ನು ಸಾಂಗತ್ಯದಲ್ಲಿ ಬರೆದ, ಹತ್ತಿರ ಹತ್ತಿರ ಹತ್ತು ಸಾವಿರ ಪದ್ಯ. ಪಂಡಿತರ ಚಂಪುವಿನ ದಾರಿ ಬಿಟ್ಟು ಹೆಂಗಸರು ಮಕ್ಕಳು ಹಾಡಿಕೊಳ್ಳುವ ಮಟ್ಟನ್ನು ಆರಿಸಿಕೊಂಡ. ಕನ್ನಡದವರು, ತೆಲುಗರು, ತುಳುವರು ಎಲ್ಲರೂ ಕೇಳಿ ಚೆನ್ನಾಗಿದೆ ಎನ್ನಬೇಕೆಂದು ಆಸೆಪಟ್ಟ. ಅವನ ಭರತ ಸಂಸಾರದ ನಡುವೆ ಇದ್ದೇ ಆತ್ಮವನ್ನು ಧ್ಯಾನಿಸುವವನು. ಅಡಿಕೆ ತೋಟ, ಬ್ಯಾಂಕಿನ ಸಾಲ, ಮಗಳ ಮದುವೆ ಇವುಗಳ ನಡುವೆ ಇರುವ ನಮ್ಮಂಥ ಗೃಹಸ್ಥರಿಗೆ ಅದಕ್ಕಿಂತ ಹತ್ತಿರದ ಕಾವ್ಯ ಇನ್ನಾವುದು? ಆದರೆ ಆ ಕಾವ್ಯವನ್ನು ಆನೆಯ ಮೇಲೆ ಮೆರವಣಿಗೆ ಮಾಡಲು ಆಗಿನ ಸಮಾಜ ಒಪ್ಪಲಿಲ್ಲ, ನೊಂದ ಕವಿ ಮತವನ್ನೇ ಬಿಟ್ಟುಹೋಗಿ ಆಮೇಲೆ ಮರಳಿದ ಎಂಬ ಐತಿಹ್ಯ ನಮ್ಮಲ್ಲಿದೆ. ಐತಿಹ್ಯವೇ ಆಗಿರಲಿ, ಅದನ್ನು ಇಷ್ಟು ಕಾಲ ನಾವೇ ಹೇಳಿಕೊಂಡು ಬಂದಿದ್ದೇವೆ. ನಮ್ಮ ನಡುವೆ ಇಂದು ಬರೆಯುವ, ಹಾಡುವ, ಬಣ್ಣ ಹಚ್ಚುವ ಹುಡುಗ ಹುಡುಗಿಯರಿಗೆ ಹಾಗಾಗದಂತೆ ನೋಡಿಕೊಳ್ಳುವ ಹೊಣೆ ಈ ಸಭೆಯದು.

ಕೊನೆಗೆ ದಾನದ ಮಾತು. ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ದಾನ ನಾಲ್ಕು. ಧರ್ಮಸ್ಥಳದ ನೆರೆಯವರಾದ ನಮಗೆ ಅನ್ನದಾನದ ಮಹಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶಾಸ್ತ್ರದಾನದಲ್ಲಿ ನಾವು ಹಿಂದೆ ಬಿದ್ದಿದ್ದೇವೆ. 10ನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಗರಿಗಳ ಮೇಲೆ ಬರೆಸಿ ಹಂಚಿದಳು. ಒಂದೊಂದು ಪ್ರತಿಗೂ ಗರಿ ಒಣಗಿಸಿ, ಹದಮಾಡಿ, ಕಂಟದಿಂದ ಅಕ್ಷರ ಅಕ್ಷರವಾಗಿ ಕೊರೆಯಬೇಕಿದ್ದ ಕಾಲವದು. ಇಂದು ಒಂದು ಮದುವೆಯ ಊಟದ ಎಲೆಯ ಖರ್ಚಿನಲ್ಲಿ ಒಂದು ಶಾಲೆಗೆ ಪುಸ್ತಕದ ಕಪಾಟು ತುಂಬಿಸಬಹುದು.

ಆದುದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಮುಂದಿನ ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆಯ ಸ್ಟೀಲ್ ಡಬ್ಬಿಯ ಬದಲು ಒಂದು ಒಳ್ಳೆಯ ಪುಸ್ತಕ ಕೊಡಿ. ಚಾರ್ಮಾಡಿ, ಕಕ್ಕಿಂಜೆ, ಮುಂಡಾಜೆಯ ಶಾಲೆಗಳಿಗೆ, ಯಾವ ಜಾತಿ ಮತದ ಮಕ್ಕಳು ಓದುತ್ತಾರೆಂದು ನೋಡದೆ, ಕಥೆಯ ಪುಸ್ತಕ ಮತ್ತು ಬಣ್ಣದ ಪೆಟ್ಟಿಗೆ ಒದಗಿಸಿ. ಶಾಲೆಗೆ ರಜೆ ಸಿಕ್ಕಾಗ ಮಕ್ಕಳನ್ನು ಒಂದು ದಿನ ವೇಣೂರಿಗೆ, ಮೂಡುಬಿದಿರೆಗೆ ಕರೆದೊಯ್ಯಿರಿ. ಎಲ್ಲವನ್ನೂ ಓಡಿಕೊಂಡು ತೋರಿಸಬೇಡಿ, ಒಂದು ಕಂಬದ ಎದುರು ಸಾಕಷ್ಟು ಹೊತ್ತು ನಿಲ್ಲಿಸಿ, ಏನು ಕಾಣುತ್ತದೆ ಎಂದು ಅವರನ್ನೇ ಕೇಳಿ. ಜೀವದಯಾಷ್ಟಮಿಗೆ ಇನ್ನು ನಾಲ್ಕು ತಿಂಗಳಿದೆ. ಅಷ್ಟರೊಳಗೆ ಪ್ರತಿ ಮನೆಯಲ್ಲಿ ಜನ್ನನ ಯಶೋಧರ ಚರಿತೆ ಒಮ್ಮೆ ಓದಿ ಮುಗಿಯಲಿ. ಹಳಗನ್ನಡ ಬಾರದವರು ಹೊಸಗನ್ನಡದ ಗದ್ಯಾನುವಾದ ಓದಿ. ಸಂಜೆ ದೀಪ ಹಚ್ಚಿದ ಮೇಲೆ ಟಿ.ವಿ. ಹಾಕುವ ಮುಂಚೆ ದಿನಕ್ಕೆ ಎರಡು ಪುಟ ಓದಿದರೂ ಸಾಕು. ಅಜ್ಜ ಅಜ್ಜಿಯರು ಓದಲಿ, ಮಕ್ಕಳು ಕೇಳಲಿ, ಅಕ್ಷರ ಬಲ್ಲ ಮಕ್ಕಳು ಸರದಿಯಲ್ಲಿ ಓದಲಿ. ಪುಸ್ತಕ ಸಿಗದವರು ಬಸದಿಯಲ್ಲಿ ಅರ್ಚಕರಾದ ಇಂದ್ರರ ಬಳಿ ಹೆಸರು ಬರೆಸಿ ಹೋಗಿ, ತರಿಸಿಕೊಡುವ ಜವಾಬ್ದಾರಿ ನನ್ನದು.